ಎಳೆದರೆ ಒಂಬತ್ತು ಇಂಚು

ಹೈಸ್ಕೂಲು ಮುಗಿದ ದಿನ ಎಸಿನಾಮ್
ಬ್ಯಾಗು ಇಳಿಸುವ ಮೊದಲೇ ಹೇಳಿದ್ದಳು:
ಇನ್ನು ನನ್ನ ತಲೆಗೆ ಕತ್ತರಿ ಬೇಡ.
ಆರು ವರ್ಷ, ತಿಂಗಳಿಗೆರಡು ಭಾನುವಾರ,
ಶಾಲೆಯ ನಿಯಮ ಅಂತ ನಾನೇ ಕತ್ತರಿಸುತ್ತಿದ್ದೆ
ಬೆರಳಿಗೆ ಸಿಗದಷ್ಟು ಮೋಟಾಗಿ.
ಸಂಜೆ ಬಟ್ಟೆಯ ಚೂರಿನ ಜೊತೆ
ಆ ಕರಿಯ ಹೊಟ್ಟನ್ನೂ ಗುಡಿಸಿ ಎಸೆಯುತ್ತಿದ್ದೆ.

ನಾನು ದರ್ಜಿ. ಕೇಟಾದಲ್ಲಿ
ಕಡಲಿಗೂ ಹಿನ್ನೀರಿಗೂ ನಡುವಿನ ಸಣ್ಣ ಪಟ್ಟಿಯಲ್ಲಿ
ಮಷೀನು ಇಟ್ಟುಕೊಂಡು ಕೂತವಳು.
ಕಣ್ಣು ಮುಚ್ಚಿ ಮುಟ್ಟಿದರೂ ಸಾಕು,
ಹಾಸು ಯಾವುದು ಹೊಕ್ಕು ಯಾವುದು ಹೇಳಬಲ್ಲೆ.
ತೊಳೆದರೆ ಕುಗ್ಗುತ್ತದೆ, ಒಂದು ಗಜ ಜಾಸ್ತಿ ತನ್ನಿ ಎಂದು
ಮದುಮಗಳ ತಾಯಿಗೂ ಮುಲಾಜಿಲ್ಲದೆ ಅನ್ನುವವಳು.

ಎರಡು ವರ್ಷದ ಮೇಲೆ
ಅಕ್ರಾದಿಂದ ರಜೆಗೆ ಬಂದ ಮಗಳು ಜಡೆ ಬಿಚ್ಚಿ
ನನ್ನ ಮೊಣಕಾಲ ನಡುವೆ ಕೂತಳು: ಬಾಚು.

ಬಾಚಿದೆ. ಒಣ ತಲೆಗೆ, ಸಣ್ಣ ಹಲ್ಲಿನ ಬಾಚಣಿಗೆ,
ನೆತ್ತಿಯಿಂದ ಕೆಳಕ್ಕೆ ಒಂದೇ ಎಳೆತ.
ಎರಡು ಹಲ್ಲು ಮುರಿದವು.
"ಎಂಥ ಒರಟು ಕೂದಲೇ ನಿನ್ನದು" ಅಂದೆ.
ಮಾತು ನನ್ನದಲ್ಲ, ನನ್ನಮ್ಮನದು,
ದನಿ ಕೂಡ.

"ಒರಟಲ್ಲಮ್ಮಾ. ಬಾಯಾರಿದೆ."

ಆಮೇಲೆ ಅವಳು ಹೇಳಿದಂತೆ ಕೈ.
ನೀರು ಚಿಮುಕಿಸು. ಇನ್ನೂ. ಕಂಜೂಸಿ ಮಾಡಬೇಡ.
ನಾಲ್ಕು ಪಾಲು ಮಾಡು, ಮೂರನ್ನು ಗಂಟು ಹಾಕಿಡು.
ಶಿಯಾ ಬೆಣ್ಣೆಯನ್ನು ಅಂಗೈಯಲ್ಲೇ ಕರಗಿಸು,
ತುದಿಗೆ ಮೊದಲು; ತುದಿಯೇ ಎಲ್ಲಕ್ಕಿಂತ ಹಳೆಯದು,
ಅದಕ್ಕೆ ವಯಸ್ಸಾಗಿದೆ.
ಸಿಕ್ಕನ್ನು ಬೆರಳಿನಿಂದ ಕೇಳು, ಆಮೇಲೆ ಬಾಚಣಿಗೆ,
ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಗೇಣು ಹತ್ತುತ್ತಾ.

ಎಷ್ಟೋ ವರ್ಷ ಗಂಟು ಬಿದ್ದ ನೂಲನ್ನು
ಹೀಗೇ ಬಿಡಿಸಿದ್ದೇನೆ, ಹಲ್ಲು ಕಚ್ಚದೆ, ಬೈಯದೆ.
ನೂಲಿಗೆ ಇದ್ದ ತಾಳ್ಮೆ
ಮಗಳ ತಲೆಗೆ ಯಾಕೆ ಇರಲಿಲ್ಲವೋ.

ಒದ್ದೆ ಸುರುಳಿ ನೋಡನೋಡುತ್ತ ಒಳಕ್ಕೆ ಸೇದಿಕೊಂಡಿತು
ಮುಟ್ಟಿದ ಬಸವನಹುಳುವಿನ ಹಾಗೆ.
"ಇಷ್ಟೇನಾ? ಎರಡು ವರ್ಷಕ್ಕೆ?"
ಅವಳು ನಕ್ಕಳು. "ಟೇಪು ತಾ."
ಇದ್ದ ಹಾಗೆ: ಮೂರು ಇಂಚು.
ಎಳೆದರೆ: ಒಂಬತ್ತು.
ಇನ್ನೊಂದು ಸಲ ಹಿಡಿದೆ. ಒಂಬತ್ತೇ.
ಕುಗ್ಗುವುದನ್ನು ಊರಿಗೆಲ್ಲ ಹೇಳುವ ನಾನು
ಮನೆಯ ಬಟ್ಟೆಯನ್ನೇ ತಪ್ಪಾಗಿ ಅಳೆದಿದ್ದೆ.

ಕಪ್ಪು ದಾರದ ಉಂಡೆ ತೆಗೆದೆ,
ಶಾಲೆಯ ಲಂಗಗಳಿಗೆ ಬಳಸುವ ದಪ್ಪ ದಾರ.
ನನ್ನಜ್ಜಿ ಹೀಗೆ ಕೂದಲಿಗೆ ದಾರ ಸುತ್ತುತ್ತಿದ್ದಳು,
ಬುಡದಿಂದ ತುದಿವರೆಗೆ, ಬಿಗಿಯಲ್ಲ ಸಡಿಲವಲ್ಲ.
ಮರೆತಿದ್ದೇನೆ ಅಂದುಕೊಂಡಿದ್ದೆ. ಹೆಬ್ಬೆರಳು ಮರೆತಿರಲಿಲ್ಲ.
ಮಗಳಿಗೆ ಇದು ಗೊತ್ತಿರಲಿಲ್ಲ;
ಸುಮ್ಮನೆ ಕನ್ನಡಿ ಹಿಡಿದು ನೋಡುತ್ತಿದ್ದಳು.
ರಾತ್ರಿಗೆಂದು, ಯಾರದೋ ಮದುವೆ ಗೌನಿನಲ್ಲಿ ಉಳಿದ
ಸ್ಯಾಟಿನ್ ತುಂಡಿನಿಂದ ದಿಂಬಿಗೊಂದು ಚೀಲ ಹೊಲಿದೆ.

"ಈಗ ನಿನ್ನದು" ಅಂದಳು,
ನನ್ನ ರುಮಾಲಿನ ಗಂಟಿಗೆ ಕೈ ಹಾಕಿ.

ಹದಿಮೂರಕ್ಕೆ ಶುರು. ಡಬ್ಬಿಯ ಬಿಳಿ ಕ್ರೀಮು,
ಕೊಳೆತ ಮೊಟ್ಟೆಯಂಥ ವಾಸನೆ,
ಉರಿ ತಡೆದಷ್ಟೂ ನೆಟ್ಟಗಾಗುತ್ತದೆ ಎನ್ನುವ ಮಾತು.
ಕಿವಿಯ ಹಿಂದೆ ಕಾಳಿನಷ್ಟು ಕಲೆ ಇನ್ನೂ ಇದೆ.
ಮೂವತ್ತಮೂರು ವರ್ಷ. ಈಸ್ಟರಿಗೆ ಡಬ್ಬಿ ಖಾಲಿಯಾಯಿತು,
ಯಾಕೋ ಹೊಸದು ತರಲಿಲ್ಲ. ಅಷ್ಟೇ,
ದೊಡ್ಡ ನಿರ್ಧಾರವೇನೂ ಅಲ್ಲ.

ಅವಳ ಬೆರಳು ಬುಡದಲ್ಲಿ ನಿಂತಿತು.
"ಅಮ್ಮಾ, ಇಲ್ಲಿ ಎರಡು ಬೆರಳು ಹೊಸದು ಬಂದಿದೆ.
ನನ್ನ ಥರ ಅಲ್ಲ. ಇನ್ನೂ ಸಣ್ಣ ಸುರುಳಿ.
ಮೊದಲಿನಿಂದ ಹೀಗೇ ಇತ್ತಾ?"

ನನಗೇನು ಗೊತ್ತು.
ಕೈ ಎತ್ತಿ ನಾನೂ ಮುಟ್ಟಿ ನೋಡಿದೆ,
ಪರಿಚಯವಿಲ್ಲದ ಬಟ್ಟೆಯನ್ನು
ಹೆಬ್ಬೆರಳು ತೋರುಬೆರಳ ನಡುವೆ ಉಜ್ಜುವ ಹಾಗೆ.

ಅಷ್ಟರಲ್ಲಿ ಬಾಗಿಲಲ್ಲಿ ಗಿರಾಕಿ,
ರವಿಕೆಯ ತೋಳು ಬಿಗಿಯಾಯಿತಂತೆ.
ರುಮಾಲು ಮತ್ತೆ ಸುತ್ತಿಕೊಂಡೆ.
ಮುಂದಲೆಯ ಹತ್ತಿರ ಮಾತ್ರ
ಒಂದು ಬೆರಳು ಹಿಂದಕ್ಕೆ.